ಆಮ್ಸ್‌ಹೌಸ್ ಕಟ್ಟಿಸಿದವರು ಯಾರು?

ಪ್ರಶ್ನೆ: ಇಂಗ್ಲೆಂಡಿನ ಹಳೆಯ ಊರುಗಳಲ್ಲಿರುವ ಆಮ್ಸ್‌ಹೌಸ್‌ಗಳನ್ನು ಯಾರು, ಏಕೆ ಕಟ್ಟಿಸಿದರು?

ಉತ್ತರ: ದಿಕ್ಕಿಲ್ಲದ ಬಡ ವೃದ್ಧರಿಗೆಂದು ಬಿಷಪ್ಪರು, ಸಿರಿವಂತರು ಕಟ್ಟಿಸಿದ ಧರ್ಮದ ಮನೆಗಳಿವು. ಮಧ್ಯಯುಗದ ದಾನದಲ್ಲಿ ಪುಣ್ಯದ ಲೆಕ್ಕಾಚಾರವೂ ಇತ್ತು: ಆಶ್ರಯ ಪಡೆದವರು ದಾನಿಯ ಆತ್ಮಕ್ಕಾಗಿ ಪ್ರಾರ್ಥಿಸಬೇಕಿತ್ತು. 16ನೇ ಶತಮಾನದಲ್ಲಿ ಮಠಗಳು ಮುಚ್ಚಿದ ಮೇಲೆ ವರ್ತಕರೂ ಅವರ ಸಂಘಗಳೂ ಈ ಕೆಲಸವನ್ನು ಹೆಚ್ಚಾಗಿ ವಹಿಸಿಕೊಂಡರು.

ವಿಂಚೆಸ್ಟರಿನ ಸೇಂಟ್ ಕ್ರಾಸ್ ಇದಕ್ಕೆ ಒಳ್ಳೆಯ ಉದಾಹರಣೆ. ಬಿಷಪ್ ಹೆನ್ರಿ 1130ರ ದಶಕದಲ್ಲಿ 13 ಮಂದಿ ಬಡವರಿಗಾಗಿ ಇದನ್ನು ಸ್ಥಾಪಿಸಿದ. 15ನೇ ಶತಮಾನದಲ್ಲಿ ಕಾರ್ಡಿನಲ್ ಬೋಫರ್ಟ್ ವಿಸ್ತರಿಸಿದ. ದೊಡ್ಡ ಅಂಗಳ, ಅದರ ಸುತ್ತ ವಸತಿ, ಚರ್ಚು, ಊಟದ ಹಜಾರ. ಸೂರಿನ ಮೇಲೆ ಎತ್ತರದ ಚಿಮಣಿಗಳ ಸಾಲು. ನಿವಾಸಿಗಳು ಈಗಲೂ ಕಪ್ಪು ಅಥವಾ ಕಡುಗೆಂಪು ನಿಲುವಂಗಿ ತೊಡುತ್ತಾರೆ. ಬಾಗಿಲಲ್ಲಿ ಕೇಳಿದ ದಾರಿಹೋಕರಿಗೆ ಒಂದು ತುಂಡು ಬ್ರೆಡ್ಡು, ಒಂದು ಗುಟುಕು ಬಿಯರ್ ಕೊಡುವ ಪದ್ಧತಿಯೂ ನಿಂತಿಲ್ಲ.