ಹಾಡು ಸಿದ್ಧ, ಕೇಳುವವರೆಲ್ಲಿ?

ಹಗಲು ಲೇತ್ ಮುಂದೆಯೋ ಗಣಕದ ಮುಂದೆಯೋ ದುಡಿದು, ರಾತ್ರಿ ಹಾಡು ಕಟ್ಟುವ ಯುವಕರು ಬೆಂಗಳೂರಿನ ಹೊರವಲಯದಲ್ಲಿ ಕಡಿಮೆಯಿಲ್ಲ. ಧ್ವನಿಸುರುಳಿ ಕಂಪನಿಗಳ ಬಾಗಿಲು ಕಾಯುವ ಕಾಲ ಹೋಯಿತು. ಅಂತರ್ಜಾಲವೆಂಬ ಹೊಸ ಬಾಗಿಲು ತೆರೆಯಿತು. ಆದರೆ ಅದರ ಒಳಗೂ ಹೊಂಡಗಳಿವೆ.

ಪೀಣ್ಯದಲ್ಲಿ ಎರಡನೇ ಪಾಳಿ ಮುಗಿಯುವ ಹೊತ್ತಿಗೆ ರಾತ್ರಿ ಹತ್ತು ದಾಟಿರುತ್ತದೆ. ತುಮಕೂರು ರಸ್ತೆಯ ಲಾರಿಗಳ ಸದ್ದು ಇನ್ನೂ ಇಳಿದಿರುವುದಿಲ್ಲ. ಬಾಡಿಗೆ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಬೇಕು, ಫ್ಯಾನು ನಿಲ್ಲಿಸಬೇಕು, ಪಕ್ಕದ ಮನೆಯ ಟಿ.ವಿ. ಆರುವವರೆಗೆ ಕಾಯಬೇಕು. ಆಮೇಲೆ ಒಂದು ಮೈಕು, ಕಿವಿಗೊಂದು ಹೆಡ್‌ಫೋನು, ಮುಂದೊಂದು ಹಳೆಯ ಲ್ಯಾಪ್‌ಟಾಪ್. ಬೆವರಿಳಿಸುತ್ತಾ ಹಾಡಿದ ನಾಲ್ಕು ನಿಮಿಷದ ಹಾಡು ಬೆಳಗಿನ ಜಾವಕ್ಕೆ ಸಿದ್ಧ!

ಇದು ಯಾರೋ ಒಬ್ಬನ ಕಥೆಯಲ್ಲ. ಎಲೆಕ್ಟ್ರಾನಿಕ್ ಸಿಟಿಯ ಪಿ.ಜಿ.ಗಳಲ್ಲಿ, ವೈಟ್‌ಫೀಲ್ಡಿನ ಬಹುಮಹಡಿ ಮನೆಗಳಲ್ಲಿ, ಎಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲುಗಳಲ್ಲಿ ಇಂಥ ಕೋಣೆಗಳು ಎಷ್ಟೋ ಇವೆ. ಹಾಡು ಕಟ್ಟುವುದು ಈಗ ಅಷ್ಟು ಕಷ್ಟದ ಕೆಲಸವಲ್ಲ. ಅದನ್ನು ಕೇಳುವ ಕಿವಿಗಳನ್ನು ಹುಡುಕುವುದೇ ಕಷ್ಟ.

ಧ್ವನಿಸುರುಳಿಯ ದಿನಗಳು

ಸಿನಿಮಾದ ಹಂಗಿಲ್ಲದೆ ಹಾಡನ್ನು ಮನೆಮನೆಗೆ ತಲುಪಿಸುವ ಹಂಬಲ ಕನ್ನಡಿಗರಿಗೆ ಹೊಸದಲ್ಲ. 1978ರಲ್ಲಿ ಕೆ.ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಧ್ವನಿಸುರುಳಿ ಹೊರಬಂತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂಬ ಹೆಗ್ಗಳಿಕೆ ಅದರದು. ಆಮೇಲೆ ಸಿ. ಅಶ್ವತ್ಥರ ಕಂಠದಲ್ಲಿ ಶಿಶುನಾಳ ಶರೀಫರ ತತ್ವಪದಗಳು ಹಳ್ಳಿಯ ಚಹಾದಂಗಡಿಯವರೆಗೂ ಹೋದವು. 2005ರಲ್ಲಿ ಅರಮನೆ ಮೈದಾನದಲ್ಲಿ ಅಶ್ವತ್ಥರು ನಡೆಸಿದ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಜನಸಾಗರವೇ ಹರಿದುಬಂತು. ಚಿತ್ರಗೀತೆಯಲ್ಲದ ಹಾಡಿಗೂ ಕನ್ನಡದಲ್ಲಿ ಕೇಳುಗರಿದ್ದಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಆದರೆ ಹೊಸಬರಿಗೆ ದಾರಿ ಸುಲಭವಿರಲಿಲ್ಲ. ಕಂಪನಿ ಒಪ್ಪಿದರೆ ಉಂಟು, ಇಲ್ಲವಾದರೆ ಇಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ಖಾಸಗಿ ಎಫ್.ಎಂ. ರೇಡಿಯೊ ಶುರುವಾದಾಗ ಚಿಗುರಿದ ಆಸೆಯೂ ಹೆಚ್ಚು ದಿನ ಬಾಳಲಿಲ್ಲ. ಅಲ್ಲಿಯೂ ಚಿತ್ರಗೀತೆಗಳದೇ ದರ್ಬಾರು. ಅಷ್ಟರಲ್ಲಿ ಧ್ವನಿಸುರುಳಿ ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಮೆಮೊರಿ ಕಾರ್ಡು ಬಂತು. ಹತ್ತಿಪ್ಪತ್ತು ರೂಪಾಯಿ ಕೊಟ್ಟರೆ ಮೊಬೈಲ್ ಅಂಗಡಿಯವನು ಕಾರ್ಡಿನ ತುಂಬಾ ಹಾಡು ತುಂಬಿಸಿಕೊಡುತ್ತಿದ್ದ. ಹಾಡಿದವನಿಗೆ ಅದರಲ್ಲಿ ಒಂದು ಪೈಸೆಯೂ ಸಿಗುತ್ತಿರಲಿಲ್ಲ.

ಈ ಸಂಕಟ ನಮ್ಮ ಭಾಷೆಗಷ್ಟೇ ಸೀಮಿತವಲ್ಲ. ನೈಜೀರಿಯಾದ ಉತ್ತರ ಭಾಗದಲ್ಲಿ ಕೋಟ್ಯಂತರ ಜನ ಆಡುವ ಹೌಸಾ ಭಾಷೆಯ ಗಾಯಕರ ಪಾಡೂ ಹೆಚ್ಚುಕಡಿಮೆ ಇದೇ. ಅಲ್ಲಿಯ ಕಾನೊ ನಗರದ ಮಾರುಕಟ್ಟೆಗಳಲ್ಲಿಯೂ ಹಾಡುಗಳು ಮೆಮೊರಿ ಕಾರ್ಡಿನಲ್ಲಿ ಕೈಯಿಂದ ಕೈಗೆ ಸಾಗಿದವು. ಒಂದು ಕಡೆ ತಮ್ಮದೇ ಭಾಷೆಯ ಚಿತ್ರಗೀತೆಗಳು, ಇನ್ನೊಂದು ಕಡೆ ಜಗತ್ತೇ ಕೇಳುವ ಲಾಗೋಸ್ ನಗರದ ಸಂಗೀತ. ಇವೆರಡರ ನೆರಳಿನಲ್ಲಿ ಬೆಳೆಯಬೇಕಾದ ಹೌಸಾ ಗಾಯಕನಿಗೂ ಕನ್ನಡದ ಹುಡುಗನಿಗೂ ಈಗ ಕೈಗೆಟಕುವ ಸಾಧನ ಒಂದೇ: ಅಂತರ್ಜಾಲ.

ನೌಕರಿಯ ಜೊತೆಗೆ ನಾದ

ಬೆಂಗಳೂರಿನ ವಾದ್ಯವೃಂದಗಳು ಈ ದಾರಿಯನ್ನು ಬಹಳ ಮೊದಲೇ ತುಳಿದವು. ಇಂಗ್ಲಿಷಿನಲ್ಲಿ ಹಾಡುವ 'ಥರ್ಮಲ್ ಅಂಡ್ ಎ ಕ್ವಾರ್ಟರ್' ತಂಡ 2005ರಲ್ಲಿಯೇ ತನ್ನ 'ಪ್ಲಾನ್ ಬಿ' ಆಲ್ಬಮನ್ನು ಅಂತರ್ಜಾಲದಲ್ಲಿ ಉಚಿತವಾಗಿ ಹಂಚಿತು. ಮೊದಲು ಜನ ಕೇಳಲಿ, ಆಮೇಲೆ ಕಛೇರಿಗೆ ಬರಲಿ ಎಂಬ ಲೆಕ್ಕಾಚಾರ ಅಂದಿಗೆ ಹೊಸದು.

ಮೈಸೂರಿನ ರಘು ದೀಕ್ಷಿತರು ಓದಿದ್ದು ಸೂಕ್ಷ್ಮಜೀವಿ ವಿಜ್ಞಾನ. ಹಲವು ವರ್ಷ ಕಾದ ಮೇಲೆ ಅವರ ಮೊದಲ ಆಲ್ಬಮ್ 2008ರಲ್ಲಿ ಹೊರಬಂತು. ಶರೀಫರ ಪದಗಳನ್ನು ಗಿಟಾರಿನೊಂದಿಗೆ ಹಾಡಿದ ಈ ಲುಂಗಿಧಾರಿ 2010ರಲ್ಲಿ ಬ್ರಿಟನ್ನಿನ ಜೂಲ್ಸ್ ಹಾಲೆಂಡ್ ಅವರ ಟಿ.ವಿ. ಕಾರ್ಯಕ್ರಮದಲ್ಲಿ ಕಾಣಿಸಿಕೊಂಡರು, 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆ ಏರಿದರು. ಕನ್ನಡದ ಪದ ಕನ್ನಡ ಬಾರದವರ ಕಿವಿಗೂ ಇಂಪಾಗಬಲ್ಲದು ಎಂದು ತೋರಿಸಿಕೊಟ್ಟರು.

ಐ.ಟಿ. ನೌಕರಿಯಲ್ಲಿರುವ ಮಕ್ಕಳ ತಂದೆತಾಯಿ ಗಮನಿಸಬೇಕಾದದ್ದು 'ಅಗಂ' ತಂಡದ ಕಥೆ. 2003ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈ ತಂಡದ ಹಲವರು ತಂತ್ರಜ್ಞಾನ ಕಂಪನಿಗಳ ನೌಕರರು. ಗಾಯಕ ಹರೀಶ್ ಶಿವರಾಮಕೃಷ್ಣನ್ ವರ್ಷಗಟ್ಟಲೆ ಅಂಥ ಕಂಪನಿಗಳಲ್ಲಿ ವಿನ್ಯಾಸಕರಾಗಿದ್ದುಕೊಂಡೇ ಹಾಡಿದವರು. ಕರ್ನಾಟಕ ಸಂಗೀತವನ್ನು ರಾಕ್ ವಾದ್ಯಗಳೊಂದಿಗೆ ಬೆರೆಸಿದ ಅವರ ಮೊದಲ ಆಲ್ಬಮ್ ಬಂದದ್ದು 2012ರಲ್ಲಿ, ಅಂದರೆ ತಂಡ ಕಟ್ಟಿದ ಒಂಬತ್ತು ವರ್ಷಗಳ ಮೇಲೆ! ಅದೇ ವರ್ಷ ಕೋಕ್ ಸ್ಟುಡಿಯೊದಲ್ಲಿ ನುಡಿಸಿದ 'ಮಲ್ಹಾರ್ ಜಾಮ್' ಯೂಟ್ಯೂಬಿನ ಮೂಲಕ ದೇಶದಾದ್ಯಂತ ಹರಡಿತು. ಒಂಬತ್ತು ವರ್ಷ ಮನೆಯ ಬಾಡಿಗೆ ಕಟ್ಟಿದ್ದು ನೌಕರಿ ಎಂಬುದನ್ನು ಮರೆಯುವಂತಿಲ್ಲ.

ಕನ್ನಡ ರ‍್ಯಾಪ್ ಬೆಳೆದದ್ದಂತೂ ಬಹುಮಟ್ಟಿಗೆ ಯೂಟ್ಯೂಬಿನ ಅಂಗಳದಲ್ಲಿಯೇ. 'ಆಲ್ ಓಕೆ' ಎಂದೇ ಹೆಸರಾದ ಅಲೋಕ್ 'ಯಾಕಿಂಗೆ'ಯಂಥ ಹಾಡುಗಳಿಂದ ಮನೆಮಾತಾದರು. ಬಿಡಿ ಹಾಡುಗಳಿಂದ ಹೆಸರು ಮಾಡಿದ ಚಂದನ್ ಶೆಟ್ಟಿ 2018ರಲ್ಲಿ ಬಿಗ್ ಬಾಸ್ ಗೆದ್ದರು.

ಇವೆಲ್ಲ ನಗರದ ಮಾತಾಯಿತು. ಪೀಣ್ಯದ ಕಾರ್ಮಿಕನ ಮೊಬೈಲಿನಲ್ಲಿ ಕೇಳಿಬರುವುದೇ ಬೇರೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದ ಹುಡುಗರು ಊರಿನ ಜನಪದ ಶೈಲಿಯ ಹಾಡುಗಳನ್ನೂ ಜೇಬಿನಲ್ಲಿಟ್ಟುಕೊಂಡು ಬಂದಿದ್ದಾರೆ. ರಾಯಬಾಗ ತಾಲ್ಲೂಕಿನ ಮಾಳು ನಿಪನಾಳ ಹಾಡಿದ 'ನಾ ಡ್ರೈವರಾ' ಹಾಡನ್ನು ಯೂಟ್ಯೂಬಿನಲ್ಲಿ ಜನ ಕೋಟಿಗಟ್ಟಲೆ ಸಲ ನೋಡಿದ್ದಾರೆ. ಬೆಂಗಳೂರಿನ ಸ್ಟುಡಿಯೊ, ದೊಡ್ಡ ಕಂಪನಿ, ಸಿನಿಮಾ ನಾಯಕ ಯಾವುದರ ನೆರವೂ ಇಲ್ಲದೆ ಊರ ಮಾತಿನ ಹಾಡು ಗೆದ್ದದ್ದು ಇಲ್ಲಿಯ ಮುಖ್ಯ ಪಾಠ. ತನ್ನ ಕೇಳುಗ ಯಾರು ಎಂಬುದು ಹಾಡುವವನಿಗೆ ಸ್ಪಷ್ಟವಾಗಿ ಗೊತ್ತಿತ್ತು.

ಹಾಡು ಹೋಗುವ ದಾರಿ

ಹಾಗಾದರೆ ಹಾಡು ಕೇಳುಗನನ್ನು ತಲುಪುವುದು ಹೇಗೆ? ಯೂಟ್ಯೂಬಿಗೆ ಯಾರು ಬೇಕಾದರೂ ನೇರವಾಗಿ ಹಾಡು ಏರಿಸಬಹುದು. 2019ರಲ್ಲಿ ಭಾರತಕ್ಕೆ ಬಂದ ಸ್ಪಾಟಿಫೈ, ಮೊದಲಿನಿಂದ ಇಲ್ಲಿರುವ ಸಾವನ್ ಮುಂತಾದ ಸಂಗೀತ ತಾಣಗಳಿಗೆ ಸಾಮಾನ್ಯವಾಗಿ ವಿತರಕ ಸಂಸ್ಥೆಯ ಮೂಲಕವೇ ಹೋಗಬೇಕು. ಕೆಲವು ವಿತರಕರು ವರ್ಷಕ್ಕಿಷ್ಟು ಎಂದು ಶುಲ್ಕ ಪಡೆಯುತ್ತಾರೆ, ಕೆಲವರು ಬಂದ ಹಣದಲ್ಲಿ ಪಾಲು ಕೇಳುತ್ತಾರೆ. ವಾರ್ಷಿಕ ಶುಲ್ಕ ನಿಂತರೆ ಕೆಲವು ಕಡೆ ಹಾಡೂ ಮಾಯವಾಗುತ್ತದೆ. ಸೇರುವ ಮುನ್ನವೇ ಇದನ್ನು ಓದಿಕೊಳ್ಳಬೇಕು.

ಪ್ರತಿ ಧ್ವನಿಮುದ್ರಣಕ್ಕೂ ಐ.ಎಸ್.ಆರ್.ಸಿ. ಎಂಬ 12 ಅಕ್ಷರ-ಅಂಕಿಗಳ ಗುರುತು ಇರುತ್ತದೆ. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವಿನ ಕೊರಳಿನ ಚೀಟಿಯಿದ್ದಂತೆ ಇದು. ಹಾಡು ಎಲ್ಲಿಯೇ ನುಡಿದರೂ ಅದು ಯಾರದು ಎಂದು ಹೇಳುತ್ತದೆ. ಬಿಡುಗಡೆಯ ದಿನವನ್ನು ಮೂರು ನಾಲ್ಕು ವಾರ ಮುಂದೆ ಇಟ್ಟುಕೊಳ್ಳುವುದು ಜಾಣತನ. ಸ್ಪಾಟಿಫೈನ ಸಂಪಾದಕರ ಗಮನಕ್ಕೆ ಹಾಡನ್ನು ತರಬೇಕಾದರೆ ಬಿಡುಗಡೆಗೆ ಮುಂಚೆಯೇ ಕಳಿಸಬೇಕು. ಏಳು ದಿನವಾದರೂ ಮೊದಲು ಕಳಿಸಿದರೆ ಕಲಾವಿದನ ಹಿಂಬಾಲಕರ ಹೊಸ ಹಾಡುಗಳ ಪಟ್ಟಿಗೆ ಅದು ಸೇರುತ್ತದೆ.

ಕನ್ನಡಕ್ಕೆ ಇನ್ನೊಂದು ವಿಶೇಷ ಸಮಸ್ಯೆ ಇದೆ. ಹುಡುಕುವವರಲ್ಲಿ ಅನೇಕರು ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುತ್ತಾರೆ, ಅದೂ ಒಬ್ಬೊಬ್ಬರು ಒಂದೊಂದು ರೀತಿ. 'ಮಳೆ' ಎಂಬ ಎರಡಕ್ಷರದ ಪದವನ್ನೇ ಮೂರು ನಾಲ್ಕು ಬಗೆಯಲ್ಲಿ ಬರೆಯಬಹುದು! ಹಾಡಿನ ಹೆಸರನ್ನು ಎರಡೂ ಲಿಪಿಗಳಲ್ಲಿ ಕೊಟ್ಟು, ಬರೆದವರು, ರಾಗ ಹಾಕಿದವರು, ನುಡಿಸಿದವರು ಎಲ್ಲರ ಹೆಸರನ್ನೂ ಸೇರಿಸಿದರೆ ಹುಡುಕುವವರಿಗೆ ಸಿಕ್ಕೀತು.

ಇನ್ನು ಹಣದ ಮಾತು. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಬೇಕಾದರೆ 1000 ಚಂದಾದಾರರು ಬೇಕು. ಜೊತೆಗೆ ಹಿಂದಿನ 12 ತಿಂಗಳಲ್ಲಿ ಜನ 4000 ಗಂಟೆ ನೋಡಿರಬೇಕು ಇಲ್ಲವೇ ಕಿರುಚಿತ್ರಿಕೆಗಳನ್ನು 90 ದಿನಗಳಲ್ಲಿ ಒಂದು ಕೋಟಿ ಸಲ ನೋಡಿರಬೇಕು. ನಾಲ್ಕು ನಿಮಿಷದ ಹಾಡಾದರೆ 4000 ಗಂಟೆಗೆ ಅದನ್ನು ಪೂರ್ತಿ 60,000 ಸಲ ಕೇಳಬೇಕಾಯಿತು. ಸ್ಪಾಟಿಫೈ 2024ರಿಂದ ಮಾಡಿದ ನಿಯಮದಂತೆ ಹಿಂದಿನ 12 ತಿಂಗಳಲ್ಲಿ 1000 ಸಲವಾದರೂ ಕೇಳದ ಹಾಡಿಗೆ ಗೌರವಧನವೇ ಇಲ್ಲ. ಹಾಡು ಏರಿಸಿದ ಮರುತಿಂಗಳೇ ಹಣ ಬರುತ್ತದೆ ಎಂದುಕೊಂಡವರು ಈ ಲೆಕ್ಕವನ್ನು ಕೈಯಲ್ಲಿ ಪೆನ್ನು ಹಿಡಿದು ಮಾಡಬೇಕು.

ಲಕ್ಷ ಕಿವಿಗಳು ಮಾರಾಟಕ್ಕಿವೆ!

ಮೋಸಗಾರ ಹೊಸ್ತಿಲು ದಾಟುವುದು ಇಲ್ಲಿಯೇ. ಹಾಡು ಏರಿಸಿದ ಕೆಲವೇ ದಿನಗಳಲ್ಲಿ ಸಂದೇಶಗಳು ಬರತೊಡಗುತ್ತವೆ. 'ಇಷ್ಟು ಸಾವಿರ ಕೊಡಿ, ಒಂದು ವಾರದಲ್ಲಿ ಲಕ್ಷ ವೀಕ್ಷಣೆ ಗ್ಯಾರಂಟಿ' ಎಂಬ ಆಸೆ. ಮೊದಲ ಸಂಬಳದ ಹಣವೋ, ಸೆಮಿಸ್ಟರ್ ಶುಲ್ಕಕ್ಕೆಂದು ಮನೆಯವರು ಕಳಿಸಿದ ಹಣವೋ ಹೀಗೆ ಕೈಬಿಡುವ ಅಪಾಯವಿದೆ.

ಆ ಲಕ್ಷ ವೀಕ್ಷಣೆಯ ಹಿಂದೆ ಮನುಷ್ಯರಿರುವುದಿಲ್ಲ, ಯಂತ್ರಗಳಿರುತ್ತವೆ. ಇದರಿಂದ ಲಾಭವಿಲ್ಲ ಎಂಬುದಷ್ಟೇ ಅಲ್ಲ, ನಷ್ಟ ಖಚಿತ. ಕೃತಕ ಕೇಳುವಿಕೆ ಪತ್ತೆಯಾದರೆ ಆ ಲೆಕ್ಕವನ್ನು ಅಳಿಸಿ ಹಾಕುತ್ತಾರೆ, ಹಾಡನ್ನೇ ಕಿತ್ತುಹಾಕಲೂಬಹುದು. ತೀರಾ ಎದ್ದುಕಾಣುವ ಕೃತಕತೆ ಕಂಡರೆ ಸ್ಪಾಟಿಫೈ 2024ರಿಂದ ವಿತರಕರಿಗೆ ದಂಡ ಹಾಕುತ್ತಿದೆ. ವಿತರಕರು ಅದನ್ನು ಕಲಾವಿದನ ತಲೆಗೇ ಕಟ್ಟಬಹುದು. ಇನ್ನೂ ದೊಡ್ಡ ನಷ್ಟವೊಂದಿದೆ. ಯಾರಿಗೆ ಯಾವ ಹಾಡು ತೋರಿಸಬೇಕೆಂದು ಈ ತಾಣಗಳು ತೀರ್ಮಾನಿಸುವುದು ಕೇಳುಗರ ನಡವಳಿಕೆ ನೋಡಿ. ಸುಳ್ಳು ಕೇಳುಗರನ್ನು ತುಂಬಿದರೆ ನಿಜವಾದ ಕೇಳುಗನ ದಾರಿಯೇ ತಪ್ಪಿಹೋಗುತ್ತದೆ.

ನೂರೇ ಜನ ಇರಲಿ, ನಿಜವಾದವರಿರಲಿ ಎಂಬುದು ಹಳಬರ ಅನುಭವ. ಅಪಾರ್ಟ್‌ಮೆಂಟಿನ ಗಣೇಶೋತ್ಸವ, ಕಂಪನಿಗಳ ಕನ್ನಡ ಸಂಘದ ರಾಜ್ಯೋತ್ಸವ, ಕಾಲೇಜು ಹಬ್ಬ ಇವೆಲ್ಲ ಅಂಥ ನೂರು ಜನ ಸಿಗುವ ಜಾಗಗಳೇ. ವೈಟ್‌ಫೀಲ್ಡ್ ಕಡೆ 2011ರಲ್ಲಿ ಜಾಗೃತಿ ರಂಗಮಂದಿರ ಶುರುವಾಯಿತು. ಅಂಥ ಕಡೆ ಕೂತು ಕೇಳುವುದೂ ಒಂದು ಪಾಠವೇ. ವೇದಿಕೆಯಲ್ಲಿ ಹಾಡಿ ಇಳಿದಾಗ 'ಇದು ಎಲ್ಲಿ ಸಿಗುತ್ತದೆ?' ಎಂದು ಕೇಳುವ ಒಬ್ಬ ಕೇಳುಗ ಕೊಂಡ ಸಾವಿರ ವೀಕ್ಷಣೆಗಿಂತ ಮೇಲು.

ಹಾಡು ಯಾರದು?

ಇನ್ನೊಬ್ಬರ ಕವಿತೆಯನ್ನು ಹಾಡಿ ಏರಿಸುವ ಮುನ್ನ ಕಾನೂನು ತಿಳಿದಿರಬೇಕು. ಭಾರತದಲ್ಲಿ ಕವಿಯ ಹಕ್ಕು ಆತ ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. 1889ರಲ್ಲಿ ತೀರಿಕೊಂಡ ಶರೀಫರ ಪದ, ದಾಸರ ಪದ, ಶರಣರ ವಚನಗಳಿಗೆ ಯಾರ ಅಪ್ಪಣೆಯೂ ಬೇಡ. ಆದರೆ 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗಳ ಹಕ್ಕು 2041ರ ಕೊನೆಯವರೆಗೆ, 1994ರಲ್ಲಿ ತೀರಿಕೊಂಡ ಕುವೆಂಪು ಅವರದು 2054ರ ಕೊನೆಯವರೆಗೆ ಇರುತ್ತದೆ. ಪದ ಶರೀಫರದಾದರೂ ರಾಗ ಅಶ್ವತ್ಥರದಾದರೆ ಆ ರಾಗಸಂಯೋಜನೆಗೆ ಹಕ್ಕು ಬೇರೆಯೇ ಇದೆ.

ತಮ್ಮದೇ ಹಾಡಿನ ವಿಷಯದಲ್ಲಿಯೂ ಎಚ್ಚರ ಬೇಕು. 2012ರಲ್ಲಿ ಹಕ್ಕುಸ್ವಾಮ್ಯ ಕಾಯಿದೆಗೆ ತಂದ ತಿದ್ದುಪಡಿ ಗೀತರಚನಕಾರ ಮತ್ತು ಸಂಯೋಜಕರ ಗೌರವಧನದ ಪಾಲನ್ನು ಕಾಪಾಡುತ್ತದೆ; ವಾರಸುದಾರರಿಗೋ ಹಕ್ಕುಸ್ವಾಮ್ಯ ಸಂಘಕ್ಕೋ ಹೊರತು ಬೇರೆಯವರಿಗೆ ಅದನ್ನು ಬರೆದುಕೊಡಲಾಗದು. 1969ರಲ್ಲಿ ಹುಟ್ಟಿದ ಐ.ಪಿ.ಆರ್.ಎಸ್. ಈ ಹಣವನ್ನು ಸಂಗ್ರಹಿಸಿ ಹಂಚುವ ಸಂಸ್ಥೆ. ಹಾಡು ಬರೆಯುವವರು, ರಾಗ ಹಾಕುವವರು ಇದರ ಸದಸ್ಯರಾಗಬಹುದು. 'ಎಲ್ಲ ಹಕ್ಕುಗಳೂ, ಎಂದೆಂದಿಗೂ' ಎಂಬ ಸಾಲು ಒಪ್ಪಂದದಲ್ಲಿ ಕಂಡರೆ ಸಹಿ ಹಾಕುವ ಪೆನ್ನು ಕೆಳಗಿಡಬೇಕು, ತಿಳಿದವರಿಗೆ ತೋರಿಸಬೇಕು.

ತಂದೆತಾಯಿ ಏನು ಮಾಡಬೇಕು?

'ಮೊದಲು ಓದು ಮುಗಿಸು, ಆಮೇಲೆ ಹಾಡು' ಎನ್ನುವ ತಂದೆಯ ಮಾತಿನಲ್ಲಿ ತಪ್ಪಿಲ್ಲ. 'ಆಮೇಲೆ ಎಂದರೆ ಯಾವಾಗ?' ಎಂದು ಕೇಳುವ ಮಗಳ ಮಾತಿನಲ್ಲೂ ತಪ್ಪಿಲ್ಲ. ಹಟ ಹಿಡಿದು ಬೇಡವೆಂದರೆ ಮಕ್ಕಳು ಗುಟ್ಟಾಗಿ ಹಾಡುತ್ತಾರೆ, ಗುಟ್ಟಾಗಿಯೇ ಮೋಸಹೋಗುತ್ತಾರೆ. ಅದರ ಬದಲು ವರ್ಷಕ್ಕೆ ಇಷ್ಟು ಹಣ, ವಾರಕ್ಕೆ ಇಷ್ಟು ಗಂಟೆ ಎಂದು ಕೂತು ಮಾತಾಡಿಕೊಂಡರೆ ಪರೀಕ್ಷೆಗೂ ಪದಕ್ಕೂ ಜಗಳವಿರುವುದಿಲ್ಲ.

18 ತುಂಬದವರು ಮಾಡಿಕೊಂಡ ಒಪ್ಪಂದ ಕಾನೂನಿನ ಮುಂದೆ ನಿಲ್ಲದು. ಯೂಟ್ಯೂಬಿನ ಹಣವೂ ಪೋಷಕರ ಖಾತೆಯ ಮೂಲಕವೇ ಬರಬೇಕು. ಹಾಗಾಗಿ ಮನೆಯವರಿಗೆ ತಿಳಿಯದ ವ್ಯವಹಾರ ಎಂದರೆ ಅದು ನೆಟ್ಟಗಿನ ವ್ಯವಹಾರವೇ ಅಲ್ಲ. ನೌಕರಿಗೆ ಸೇರಿದವರು ನೇಮಕಾತಿ ಪತ್ರದಲ್ಲಿ ಹೊರಗಿನ ಸಂಪಾದನೆಯ ಬಗ್ಗೆ ಏನಿದೆ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಬಿಡುಗಡೆಯ ಮರುದಿನ ಹಾಡಿಗೆ 43 ವೀಕ್ಷಣೆ ಇದ್ದೀತು. ಅದರಲ್ಲಿ ಹತ್ತು ಅಮ್ಮನವೇ ಆಗಿದ್ದಾವು! ಸೋಮವಾರ ಮತ್ತೆ ಪಾಳಿಗೆ ಹೋಗಬೇಕು, ತರಗತಿಗೆ ಹೋಗಬೇಕು. ಆದರೆ ಉಳಿದ ಮೂವತ್ತಮೂರು ಸಲ ಕೇಳಿದವರು ಯಾರು ಎಂಬ ಕುತೂಹಲ ಇರುವವರೆಗೆ ಮುಂದಿನ ಶನಿವಾರವೂ ಕಿಟಕಿಗೆ ಕಂಬಳಿ ಏರುತ್ತದೆ. ಹಾಡ್ತಾ ಹಾಡ್ತಾ ರಾಗ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ನೆನಪಿರಲಿ

* ಹಾಡಿನ ಹೆಸರು ಕನ್ನಡ ಮತ್ತು ಇಂಗ್ಲಿಷ್ ಎರಡೂ ಲಿಪಿಗಳಲ್ಲಿರಲಿ.
* ಬರೆದವರು, ರಾಗ ಹಾಕಿದವರು, ನುಡಿಸಿದವರು ಯಾರು, ಯಾರಿಗೆ ಎಷ್ಟು ಪಾಲು ಎಂಬುದನ್ನು ಬಿಡುಗಡೆಗೆ ಮುನ್ನವೇ ಕಾಗದದ ಮೇಲೆ ಬರೆದು ಎಲ್ಲರೂ ಸಹಿ ಹಾಕಿ.
* ವೀಕ್ಷಣೆ ಅಥವಾ ಚಂದಾದಾರರನ್ನು ಹಣ ಕೊಟ್ಟು ಕೊಳ್ಳಬೇಡಿ.
* ವಿತರಕರ ಶುಲ್ಕ ನಿಂತರೆ ಹಾಡು ಉಳಿಯುತ್ತದೆಯೇ ಎಂದು ಮೊದಲೇ ಕೇಳಿ.
* ಮೂಲ ಧ್ವನಿಮುದ್ರಣದ ಪ್ರತಿಯನ್ನು ಎರಡು ಕಡೆ ಜೋಪಾನವಾಗಿಡಿ.