ಸ್ನಾನದ ಕೋಣೆಯ ಫ್ಯಾನ್: ಗಾಳಿಯೂ ಬೇಕು, ಸುರಕ್ಷತೆಯೂ ಬೇಕು

ಮಗುವಿಗೆ ಪದೇ ಪದೇ ಕೆಮ್ಮು ಎಂದು ತಾಯಿಯೊಬ್ಬರು ಬಂದಿದ್ದರು. ಸ್ನಾನದ ಕೋಣೆಯ ಗೋಡೆ ಬೂಷ್ಟು ಹಿಡಿದಿದೆ ಎಂದು ತಿಳಿದಾಗ, ಎಕ್ಸಾಸ್ಟ್ ಫ್ಯಾನ್ ಹಾಕಿಸಲು ಹೇಳಿದೆ. ತಿಂಗಳ ಬಳಿಕ ಬಂದವರು, "ಕೆಮ್ಮು ಕಡಿಮೆಯಾಗಿದೆ ಡಾಕ್ಟ್ರೇ. ಆದರೆ ವುಝೂ ಮಾಡಿ ಸ್ವಿಚ್ ಮುಟ್ಟಿದಾಗ ಶಾಕ್ ಹೊಡೆಯಿತು" ಎಂದರು. ನನ್ನ ಸಲಹೆ ಅರ್ಧವೇ ಆಗಿತ್ತು. ಉಳಿದರ್ಧ ಇಲ್ಲಿದೆ.

ಆರೋಗ್ಯಕ್ಕೆ ಅನಿವಾರ್ಯವಾದ ಆರು ಅಂಶಗಳನ್ನು ಯೂನಾನಿ ಶಾಸ್ತ್ರ 'ಅಸ್ಬಾಬೆ ಸಿತ್ತಾ ಝರೂರಿಯ್ಯಾ' ಎನ್ನುತ್ತದೆ. ಅದರಲ್ಲಿ ಮೊದಲನೆಯದು ಗಾಳಿ. ತೇವ ಹೊರಹೋಗದ ಕೋಣೆಯಲ್ಲಿ ಬೂಷ್ಟು ಬೆಳೆಯುತ್ತದೆ; ಕೆಮ್ಮು, ಉಬ್ಬಸ ಇರುವವರಿಗೆ ಅದು ತೊಂದರೆ ಕೊಡುತ್ತದೆ. ಹಾಗಾಗಿ ಫ್ಯಾನ್ ಬೇಕು.

ಫ್ಯಾನಿಗೆ ಲೈಟಿನ ಸರ್ಕ್ಯೂಟಿನಿಂದಲೇ ಕರೆಂಟ್ ಕೊಡಬಹುದು. 40 ವ್ಯಾಟಿನ ಫ್ಯಾನ್ 230 ವೋಲ್ಟ್‌ನಲ್ಲಿ ಎಳೆಯುವುದು 0.2 ಆಂಪಿಯರಿಗಿಂತ ಕಡಿಮೆ. ಒಂದು ಲೈಟಿಂಗ್ ಸರ್ಕ್ಯೂಟಿನಲ್ಲಿ 10 ಪಾಯಿಂಟ್ ಮತ್ತು 800 ವ್ಯಾಟ್ ಮೀರದಿದ್ದರೆ ಸಾಕು. ಆದರೆ 2000 ವ್ಯಾಟಿನ ಗೀಸರನ್ನು ಎಂದಿಗೂ ಇದಕ್ಕೆ ಜೋಡಿಸಬೇಡಿ. ಅದಕ್ಕೆ ಬೇರೆಯೇ ಲೈನ್ ಬೇಕು.

"ಫ್ಯೂಸ್ ಇದೆಯಲ್ಲ, ಭಯವೇಕೆ?" ಎಂದು ನೀವು ಕೇಳಬಹುದು. ಫ್ಯೂಸ್ ಕಾಯುವುದು ವಯರನ್ನು, ನಿಮ್ಮನ್ನಲ್ಲ. ಲೈಟಿನ ಸರ್ಕ್ಯೂಟಿನ ಎಂಸಿಬಿ ಸಾಮಾನ್ಯವಾಗಿ 6 ಆಂಪಿಯರಿನದು. ಮನುಷ್ಯನ ಪ್ರಾಣ ತೆಗೆಯಲು ಅದರ ಸಣ್ಣದೊಂದು ಪಾಲು ಸಾಕು. ಒದ್ದೆ ಮೈಯಲ್ಲಿ ಕರೆಂಟ್ ಇನ್ನೂ ಸುಲಭವಾಗಿ ಹರಿಯುತ್ತದೆ. ಮನುಷ್ಯನನ್ನು ಕಾಯುವುದು ಸರಿಯಾದ ಅರ್ತಿಂಗ್ ಮತ್ತು 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟ್ ಕಡಿಯುವ ಆರ್‌ಸಿಸಿಬಿ. ಆ ತಾಯಿಯ ಮನೆಯಲ್ಲಿ ಇವೆರಡೂ ಇರಲಿಲ್ಲ. ಸ್ವಿಚ್ ಕೋಣೆಯ ಒಳಗೇ ಇತ್ತು.

ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದಲೇ ಕೆಲಸ ಮಾಡಿಸಿ. ಮುಗಿದ ಮೇಲೆ ಇಷ್ಟನ್ನು ಕೇಳಿ:

• ಸ್ವಿಚ್ ಕೋಣೆಯ ಹೊರಗಿದೆಯೇ?
• ಸ್ವಿಚ್ ಮತ್ತು ಫ್ಯೂಸ್ ಫೇಸ್ ವಯರಿನಲ್ಲಿವೆಯೇ? ನ್ಯೂಟ್ರಲಿನಲ್ಲಿದ್ದರೆ ಆಫ್ ಮಾಡಿದರೂ ಫ್ಯಾನಿನಲ್ಲಿ ಕರೆಂಟ್ ಉಳಿದಿರುತ್ತದೆ.
• ಲೋಹದ ಫ್ಯಾನಿಗೆ ಹಸಿರು ಅರ್ತ್ ವಯರ್ ಜೋಡಿಸಲಾಗಿದೆಯೇ?
• ಫ್ಯಾನಿನ ಜೊತೆಗಿನ ಕಾಗದದಲ್ಲಿ ಪ್ರತ್ಯೇಕ ಸಣ್ಣ ಫ್ಯೂಸ್ ಬೇಕೆಂದಿದ್ದರೆ ಹಾಕಲಾಗಿದೆಯೇ?

ಫ್ಯೂಸ್ ಮತ್ತೆ ಮತ್ತೆ ಹೋಗುತ್ತದೆಂದು ದಪ್ಪ ತಂತಿ ಕಟ್ಟಬೇಡಿ. ಅದು ಜ್ವರದ ಕಾರಣ ಹುಡುಕದೆ ಥರ್ಮಾಮೀಟರ್ ಒಡೆದಂತೆ. ಆರ್‌ಸಿಸಿಬಿಯ 'ಟೆಸ್ಟ್' ಗುಂಡಿಯನ್ನು ಆಗಾಗ ಒತ್ತಿ ನೋಡಿ, ಕರೆಂಟ್ ಹೋಗಬೇಕು.

ಫ್ಯಾನಿಗೆ ಬೇರೆ ಸ್ವಿಚ್ ಇರಲಿ. ಸ್ನಾನದ ನಂತರ ಲೈಟ್ ಆರಿಸಿದರೂ ಫ್ಯಾನ್ ಹದಿನೈದು-ಇಪ್ಪತ್ತು ನಿಮಿಷ ತಿರುಗಲಿ. ವುಝೂ ಮಾಡಿದ ಕೈಯನ್ನು ಒರೆಸಿಯೇ ಸ್ವಿಚ್ ಮುಟ್ಟಿ. ಮಕ್ಕಳಿಗೂ ಅದನ್ನೇ ರೂಢಿ ಮಾಡಿಸಿ. ಶುಚಿತ್ವವನ್ನು ಈಮಾನಿನ ಭಾಗವೆಂದು ನಂಬಿದವರು ನಾವು. ಪ್ರಾಣವೂ ಅಲ್ಲಾಹನು ನಮಗೆ ಒಪ್ಪಿಸಿದ ಅಮಾನತ್ ಎಂಬುದನ್ನು ಮರೆಯದಿರೋಣ.