ಮಾಂಟಾ ನೋಡಲು ಮಳೆಗಾಲವೇ ಸರಿ

ಮಾಲ್ಡೀವ್ಸ್‌ಗೆ ಹೊರಡುವ ಜೋಡಿಗಳು ಸಾಮಾನ್ಯವಾಗಿ ಬಿಸಿಲಿನ ಜನವರಿಯನ್ನೇ ಆರಿಸುತ್ತಾರೆ. ಮಾಂಟಾ ರೇ ಮೀನುಗಳ ಜೊತೆ ಸ್ನಾರ್ಕೆಲ್ ಮಾಡುವ ಆಸೆಯಿದ್ದರೆ ಅದು ತಪ್ಪು ಲೆಕ್ಕ. ಬಾ ಅಟಾಲ್‌ನ ಹನಿಫಾರು ಕೊಲ್ಲಿಗೆ ಅವು ಗುಂಪಾಗಿ ಬರುವುದು ಮೇ ತಿಂಗಳಿಂದ ನವೆಂಬರ್‌ವರೆಗೆ, ನಮ್ಮ ಕರಾವಳಿಯನ್ನು ತೋಯಿಸುವ ಅದೇ ನೈರುತ್ಯ ಮುಂಗಾರಿನ ಕಾಲದಲ್ಲಿ. ಆಗಿನ ಸಮುದ್ರ ಪ್ರವಾಹವೂ ಅಮಾವಾಸ್ಯೆ-ಹುಣ್ಣಿಮೆಯ ಉಬ್ಬರವೂ ಸೇರಿ ಪ್ಲಾಂಕ್ಟನ್ ರಾಶಿಯನ್ನು ಲಾಳಿಕೆಯಂಥ ಕೊಲ್ಲಿಯೊಳಕ್ಕೆ ತಳ್ಳುತ್ತವೆ; ಸುಮಾರು ಮೂರು ಮೀಟರ್ ಅಗಲದ ಮಾಂಟಾಗಳು ಬಾಯ್ತೆರೆದು ಅದನ್ನು ಸೋಸಿ ತಿನ್ನುತ್ತವೆ. ಬಾಲದಲ್ಲಿ ವಿಷದ ಮುಳ್ಳಿಲ್ಲ, ಹೆದರಬೇಕಿಲ್ಲ.

ಇಲ್ಲಿ 2012ರಿಂದ ಸ್ಕೂಬಾ ನಿಷಿದ್ಧ. ಸ್ನಾರ್ಕೆಲ್‌ಗೂ 45 ನಿಮಿಷದ ಮಿತಿ. ಅಷ್ಟು ದುಡ್ಡು ಸುರಿದು ಬರೀ ಮುಕ್ಕಾಲು ಗಂಟೆಯೇ ಎಂದು ಮುಖ ಸಿಂಡರಿಸುವವರಿದ್ದಾರೆ. ಆದರೆ ಹೆಣ್ಣು ಮಾಂಟಾ ಸುಮಾರು ಒಂದು ವರ್ಷ ಗರ್ಭ ಹೊತ್ತು ಹೆರುವುದು ಸಾಮಾನ್ಯವಾಗಿ ಒಂದೇ ಮರಿ. ಇಷ್ಟು ನಿಧಾನವಾಗಿ ಬೆಳೆಯುವ ಸಂತತಿಗೆ ಊಟದ ಹೊತ್ತಿನ ಗದ್ದಲ ಸಣ್ಣ ತೊಂದರೆಯಲ್ಲ. ಹಾಗಾದರೆ ಪ್ರವಾಸವನ್ನೇ ನಿಲ್ಲಿಸಬಾರದೇ? ಕಿವಿರಿನ ತಟ್ಟೆಗಾಗಿ ಕೊಂದ ಮಾಂಟಾ ಒಮ್ಮೆ ಮಾತ್ರ ಮಾರಾಟವಾಗುತ್ತದೆ; ಜೀವಂತ ಮಾಂಟಾ ದ್ವೀಪದವರಿಗೆ ವರ್ಷವರ್ಷವೂ ದುಡಿಮೆ ಕೊಡುತ್ತದೆ. ಖರ್ಚಿನ ಚಿಂತೆಯೇ? ಪಕ್ಕದ ಧರವಂದೂ ದ್ವೀಪದ ಅತಿಥಿಗೃಹದಲ್ಲಿ ಉಳಿದು ದೋಣಿ ಹಿಡಿದರೆ ರೆಸಾರ್ಟ್‌ಗಿಂತ ಬಹಳ ಅಗ್ಗ.